ಒಂದು ಮಗು ಸಾಕು

ಆರನೆಯದೂ ಹೆಣ್ಣೇ ಎಂದು ನರ್ಸು ಹೊರಗೆ ಬಂದು ಹೇಳಿದಾಗ ಅಪ್ಪ ಹೆರಿಗೆ ವಾರ್ಡಿನ ಬೆಂಚಿನ ಮೇಲೆ ಕೂತು ಚಪ್ಪಲಿಯ ಕಿತ್ತ ಉಂಗುಟ ಸರಿಮಾಡಿಕೊಳ್ಳುತ್ತಿದ್ದನಂತೆ. ತಲೆ ಎತ್ತದೆಯೇ "ಸಾಕು" ಎಂದನಂತೆ. ಅದನ್ನು ಅವನು ಹೇಳಿದ್ದು ಹೆಂಡತಿಗೋ, ದೇವರಿಗೋ, ಎದುರಿಗೆ ನಿಂತಿದ್ದ ನರ್ಸಿಗೋ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅದೇ ಮಗುವಿನ ಹೆಸರಾಗಿ ನಿಂತುಬಿಟ್ಟಿತು. ಶಾಲೆಯಲ್ಲಿ ಬರೆಸಿದ ಚೆಂದದ ಹೆಸರೊಂದು ಇತ್ತು, ಸುಳ್ಳೇಕೆ ಹೇಳಬೇಕು. ಆದರೆ ಅದು ಪೆಟ್ಟಿಗೆಯಲ್ಲಿಟ್ಟ ಸೀರೆಯಂತೆ ಮಡಿಕೆ ಬಿಚ್ಚದೆಯೇ ಉಳಿಯಿತು. ಎಲ್ಲರೂ ಊಟಕ್ಕೆ ಕೂತಾಗ ದೊಡ್ಡಕ್ಕ "ಸಾಕೂ" ಎಂದು ಕೂಗಿದರೆ ಅಮ್ಮ ಬಡಿಸುವ ಕೈ ನಿಲ್ಲಿಸುತ್ತಿದ್ದಳು. ಹಾಗಾಗಿ ಹುಡುಗಿ ತೆಳ್ಳಗೇ ಬೆಳೆದಳು.

ಇಂಥ ಹೆಸರಿನವಳಿಗೆ ಮುಂದೆ ಸಿಕ್ಕ ನೌಕರಿ ಯಾವುದು ಅಂತೀರಿ? ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ, ಮನೆಮನೆಗೆ ಹೋಗಿ ಮಕ್ಕಳು ಹೆಚ್ಚು ಬೇಡ ಎಂದು ತಿಳಿಹೇಳುವ ಕೆಲಸ. ಹಣೆಬರಹ ಬರೆಯುವವನಿಗೆ ತಮಾಷೆಯ ಚಟ ಇದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬೀದಿಯ ತುದಿಯಲ್ಲಿ ಅವಳ ಕಪ್ಪು ಚೀಲ ಕಂಡ ಕೂಡಲೇ ಹೆಂಗಸರು, ಸಾಕು ಬಂದ್ಲು ಸಾಕು ಅನ್ನೋಕೆ ಎಂದು ನಗುತ್ತಿದ್ದರು. ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾಕಿಕೊಂಡ ಬಾಗಿಲಿನ ಹಿಂದೆ ಅವರು ಏನು ಮಾಡುತ್ತಿದ್ದರೋ, ಮುಂದಿನ ವರ್ಷ ಹೋದಾಗ ತೊಟ್ಟಿಲಲ್ಲಿ ಅದರ ಉತ್ತರ ಮಲಗಿರುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತಿ ಎಂದು ಒಂದು ನಡೆಯಿತು. ಸೂಟು ಹಾಕಿಕೊಂಡ ಉಪನ್ಯಾಸಕರೊಬ್ಬರು ಬಂದು, ಭೂಮಿ ಎಂದರೆ ಒಂದು ಬಸ್ಸು, ಆಗಲೇ ಜನ ಬಾಗಿಲಲ್ಲಿ ಜೋತಾಡುತ್ತಿದ್ದಾರೆ ಎಂದು ಚಿತ್ರ ತೋರಿಸಿದರು. ಒಬ್ಬ ಮನುಷ್ಯ ಹುಟ್ಟದೇ ಉಳಿದರೆ ಎಷ್ಟು ನೀರು ಉಳಿಯುತ್ತದೆ, ಎಷ್ಟು ಮರ ಉಳಿಯುತ್ತವೆ ಎಂದು ಬೋರ್ಡಿನ ಮೇಲೆ ಲೆಕ್ಕ ಹಾಕಿದರು. ಫ್ಯಾನಿನ ಗಾಳಿಗೆ ಉಳಿದವರೆಲ್ಲ ತೂಕಡಿಸುತ್ತಿದ್ದರು. ಸಾಕು ಒಬ್ಬಳೇ ಕಣ್ಣು ಪಿಳುಕಿಸದೆ ಕೇಳಿದಳು, ಕೇಳಿ ನಂಬಿದಳು. ಉಪನ್ಯಾಸಕರು ಕೂಡ ಅಷ್ಟು ನಂಬಿದ್ದರೋ ಇಲ್ಲವೋ.

ಸಂಜೆ ಮನೆಗೆ ಬಂದಾಗ ಗಂಡ ನಡುಮನೆಯಲ್ಲಿ ಹಳೆಯ ಪೇಪರು ಹಾಸಿಕೊಂಡು ಒಂದು ಮೋಟರು ಬಿಚ್ಚಿ ಹರಡಿದ್ದ. ಅವನು ಕೊಳವೆಬಾವಿಯ ಪಂಪು ರಿಪೇರಿ ಮಾಡುವವನು, ಮಾತು ಕಡಿಮೆ. ಸಾಕು ಚೀಲ ಕೂಡ ಕೆಳಗಿಡದೆ, ನಮಗೆ ಮಕ್ಕಳು ಬೇಡ ಎಂದು ಹೇಳಿದಳು. ನಾನೇ ಒಂದು ಹೆಚ್ಚಾಗಿ ಹುಟ್ಟಿದವಳು, ನನ್ನಿಂದ ಇನ್ನೊಂದು ಹೆಚ್ಚಾಗೋದು ಬೇಡ ಎಂದಳು. ಬಸ್ಸು, ಮರ, ನೀರು ಎಲ್ಲವನ್ನೂ ವಿವರಿಸಿದಳು. ಅವನು ಸೀಮೆಎಣ್ಣೆಯ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡು "ಸರಿ" ಎಂದ. ಸರಿ ಎಂದನಲ್ಲ, ಅಲ್ಲಿಗೆ ಆ ವಿಷಯ ಮುಗಿಯಿತು.

ಬಂಧುಬಳಗಕ್ಕೆ ಎಲ್ಲಿ ಮುಗಿಯುತ್ತದೆ? ಪಾಪ ಯಾರಲ್ಲಿ ದೋಷವೋ ಎಂದು ಎದುರಿಗೇ ಮರುಗಿದರು. ಅತ್ತೆ ಬದುಕಿರುವ ತನಕ ಪಕ್ಕದ ಮನೆಯ ಮೊಮ್ಮಕ್ಕಳನ್ನು ಕರೆದು ಮುದ್ದಾಡಿ ಸೊಸೆಗೆ ಕೇಳುವಂತೆ ನಿಟ್ಟುಸಿರು ಬಿಟ್ಟರು. ಸಾಕು ಎಲ್ಲವನ್ನೂ ನುಂಗಿಕೊಂಡಳು. ಭೂಮಿಗಾಗಿ ಅಲ್ಲವೇ, ಅಷ್ಟು ಮಾಡದಿದ್ದರೆ ಹೇಗೆ?

ಭೂಮಿ ಏನು ಮಾಡಿತು ಎನ್ನುವುದನ್ನು ಈಗ ಕೇಳಿ. ಕೇಂದ್ರದ ಹಿಂದೆ ಒಂದು ಕೆರೆ ಇತ್ತು. ಅವಳು ಕೆಲಸಕ್ಕೆ ಸೇರಿದಾಗ ಅದರಲ್ಲಿ ಬಾತುಕೋಳಿಗಳಿದ್ದವು. ಆಮೇಲೆ ಚರಂಡಿ ಬಂತು, ನೊರೆ ಬಂತು, ಸುತ್ತಲೂ ಕಟ್ಟಡ ಬಂದವು, ಕೊನೆಗೆ ಕೆಸರು ಮಾತ್ರ ಉಳಿಯಿತು. ನಲ್ಲಿಗಳು ಸದ್ದು ಮಾಡುವುದಕ್ಕಷ್ಟೇ ಸೀಮಿತವಾದವು. ಗಂಡ ವರ್ಷವರ್ಷವೂ ಪೈಪುಗಳನ್ನು ಇನ್ನೂ ಆಳಕ್ಕೆ ಇಳಿಸಿ, ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದ. ಹಾಗಾದರೆ ಸಾಕು ಹೆರದೆ ಉಳಿಸಿದ ನೀರೆಲ್ಲ ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳಿದ್ದರೆ ದಾರಿ ತೋರಿಸಬಹುದಿತ್ತು. ನೇರ ಹೋಗಿ ಬಲಕ್ಕೆ ತಿರುಗಿದರೆ ದೊಡ್ಡ ಡಾಕ್ಟರ ಮನೆಯ ಹುಲ್ಲುಹಾಸು.

ದೊಡ್ಡ ಡಾಕ್ಟರು ಎಂದರೆ ಕೇಂದ್ರದ ಮುಖ್ಯಸ್ಥರು. ಚಿಕ್ಕ ಡಾಕ್ಟರು ಎನ್ನುವವರು ಯಾರೂ ಇರಲಿಲ್ಲ, ಆದರೂ ಅವರು ದೊಡ್ಡವರೇ. ಎಲ್ಲ ಅನಾಹುತಕ್ಕೂ ಜನ ಜಾಸ್ತಿಯಾಗಿದ್ದೇ ಕಾರಣ ಎನ್ನುವುದು ಅವರ ಸಿದ್ಧಾಂತ. ಜನ ಎಂದಾಗ ಅವರು ಕಿಟಕಿಯಾಚೆಗೆ, ಕೆರೆಯ ಏರಿಯ ಮೇಲಿನ ಗುಡಿಸಲುಗಳ ಕಡೆಗೆ ಕೈ ತೋರಿಸುತ್ತಿದ್ದರು. ತಮ್ಮ ಕಡೆಗೆ ಒಮ್ಮೆಯೂ ತೋರಿಸಿದ್ದಿಲ್ಲ. ಅವರಿಗೆ ಇಬ್ಬರು ಮಕ್ಕಳು, ನಾಲ್ಕು ಬಚ್ಚಲು, ಮೂರು ಕಾರು. ಹುಲ್ಲಿಗೆ ನೀರು ಚಿಮ್ಮಿಸಲು ತಾನೇ ಚಾಲೂ ಆಗುವ ಯಂತ್ರ ಇಟ್ಟಿದ್ದರು. ಎಷ್ಟು ಬುದ್ಧಿವಂತ ಯಂತ್ರ ಎಂದರೆ ಧೋ ಎಂದು ಮಳೆ ಸುರಿಯುವಾಗಲೂ ಅದು ತನ್ನ ಕರ್ತವ್ಯ ಬಿಡುತ್ತಿರಲಿಲ್ಲ. ಪರಿಸರಕ್ಕಾಗಿ ತಮ್ಮ ಪಾಲಿನ ತ್ಯಾಗವನ್ನೂ ಅವರು ಮಾಡಿದ್ದರು, ಇಲ್ಲ ಎನ್ನಬಾರದು. ಪ್ಲಾಸ್ಟಿಕ್ ಬಾಟಲಿ ಬಿಟ್ಟು ಸ್ಟೀಲ್ ಬಾಟಲಿ ಹಿಡಿದಿದ್ದರು. ಆ ಬಾಟಲಿ ಅವರ ಜೊತೆ ವಿಮಾನದಲ್ಲಿ ಎಷ್ಟೋ ದೇಶಗಳ ಸಮ್ಮೇಳನಕ್ಕೆ ಹೋಗಿ ಬಂದಿತ್ತು.

ಕೆರೆಯನ್ನು ಉಳಿಸಲು ತಂತ್ರಜ್ಞಾನವನ್ನೂ ತಂದರು. ನೀರಿಗೆ ಗಾಳಿ ಕುಡಿಸುವ ಯಂತ್ರವಂತೆ. ಉದ್ಘಾಟನೆಯ ದಿನ ಅದು ಕಾರಂಜಿಯಂತೆ ಚಿಮ್ಮಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ನೊರೆಯನ್ನು ಎತ್ತಿ ರಸ್ತೆಗೆ ಎರಚಿತು. ಒಂದು ವಾರದಲ್ಲಿ ಕೆಟ್ಟು ಕೂತಿತು. ಸಾಕುವಿನ ಗಂಡನನ್ನು ಕರೆಸಿದರು. ಅವನು ಸುತ್ತ ಒಂದು ಸಲ ನೋಡಿ, ಯಂತ್ರ ಸರಿ ಮಾಡಬಹುದು, ನೀರು ಯಾರು ತರ್ತಾರೆ ಎಂದು ಕೇಳಿ ಸ್ಪ್ಯಾನರು ಜೇಬಿಗಿಳಿಸಿಕೊಂಡು ಬಂದ. ಈಗಲೂ ಅದು ಕೆಸರಿನ ನಡುವೆ ನಿಂತಿದೆ, ಕಾಗೆಗಳಿಗೆ ಕೂರಲು ಅನುಕೂಲವಾಗಿದೆ.

ಇಷ್ಟಾದರೂ ಸಾಕು ಮನೆಮನೆ ಸುತ್ತುವುದನ್ನು ಬಿಡಲಿಲ್ಲ. ಅವಳು ಹೋಗುವ ಮನೆಗಳಲ್ಲಿ ಅವಳಿಗೆ ಬಹಳ ಇಷ್ಟವಾದದ್ದು ಏರಿಯ ಮೇಲಿನ ಇಸ್ತ್ರಿಯವಳ ಮನೆ. ಬೇರೆಯವರಂತೆ ಅವಳು ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಸ್ಟೂಲು ಒರೆಸಿ ಕೂರಿಸಿ, ಮಾತು ಮುಗಿಯುವವರೆಗೂ ಮುಖ ನೋಡುತ್ತ ಕೂರುತ್ತಿದ್ದಳು. ಮೊದಲ ಸಲವೇ, ಅಕ್ಕಾ ನಿಮಗೆಷ್ಟು ಮಕ್ಕಳು ಎಂದು ಕೇಳಿದ್ದಳು. ಇಲ್ಲ ಎಂದಳು ಸಾಕು. ಅಯ್ಯೋ ಎಂದಳು ಇಸ್ತ್ರಿಯವಳು. ಸಾಕು ತನ್ನ ಪಾಠ ಶುರು ಮಾಡಿ, ಒಂದು ಮಗು ಸಾಕು ನೋಡು, ಒಂದು ಮಗು ಸಾಕು ಎಂದು ಕೊನೆಯಲ್ಲಿ ಒತ್ತಿ ಹೇಳಿದರೆ ಆಕೆಯ ಕಣ್ಣಲ್ಲಿ ನೀರೇ ಬಂತು. ವರ್ಷವರ್ಷವೂ ಹೀಗೇ. ಸಾಕು ಹಿಗ್ಗಿಹೋದಳು. ಇಷ್ಟು ಮನಸ್ಸಿಗೆ ಹಚ್ಚಿಕೊಂಡು ಕೇಳುವವರು ಸಿಗುತ್ತಾರೆಯೇ? ಆಕೆಗೆ ಒಂದಾಗಿ ಎರಡಾಗಿ ಮೂರಾದದ್ದು ನಿಜ, ಆದರೆ ಅದು ಗಂಡನ ಒತ್ತಾಯ ಇರಬೇಕು ಎಂದು ತಾನೇ ಸಮಾಧಾನ ಮಾಡಿಕೊಂಡಳು. ಮೂರರ ಮೇಲೆ ಕೆಲವು ವರ್ಷ ಏನೂ ಇರಲಿಲ್ಲವಲ್ಲ, ಪಾಠ ಹತ್ತಿತು ಎಂದುಕೊಂಡಳು. ಕಳೆದ ಕೆಲವು ತಿಂಗಳಿಂದ ಆ ಮನೆಗೆ ಬೀಗ. ತವರಿಗೆ ಹೋಗಿದ್ದಾಳೆ ಎಂದು ಪಕ್ಕದವರು ಹೇಳಿದರು.

ಅಷ್ಟರಲ್ಲಿ ಕೇಂದ್ರಕ್ಕೆ ಒಂದು ಪ್ರಶಸ್ತಿ ಬರುವ ಸೂಚನೆ. ಅತಿ ಕಡಿಮೆ ಮಕ್ಕಳು ಹುಟ್ಟಿದ ಬಡಾವಣೆ ಎಂದು. ಗೋಡೆಗೆ ಹೊಸದಾಗಿ ಘೋಷಣೆ ಬರೆಸಲು ದೊಡ್ಡ ಡಾಕ್ಟರು ಆಜ್ಞೆ ಮಾಡಿದರು. ಹಳೆಯದು "ಸುಖ ಸಂಸಾರಕ್ಕೆ ಒಂದೇ ಮಗು ಸಾಕು" ಎಂದಿತ್ತು. ಪೇಂಟರು ಬಂದು ನೋಡಿದರೆ ಗೋಡೆಯ ಅರ್ಧ ಭಾಗದ ಗಾರೆ ಉದುರಿ ಹೋಗಿತ್ತು. ಉಳಿದ ಜಾಗದಲ್ಲಿ ಸುಖಕ್ಕೂ ಸಂಸಾರಕ್ಕೂ ಎಡೆ ಸಿಗಲಿಲ್ಲ. ಕೈಬಿಟ್ಟ. ಒಂದೇ ಎಂಬುದಕ್ಕೆ ದೀರ್ಘ ಯಾಕೆ ಎಂದು ಒಂದು ಎಂದೇ ಬರೆದ. "ಒಂದು ಮಗು ಸಾಕು" ಎಂದು ದಪ್ಪ ಕೆಂಪಕ್ಷರ ಮೂಡಿತು. ಸಲಹೆ ಕೊಡುವ ಕೋಣೆ ಎಲ್ಲಿದೆ ಎಂದು ಜನರಿಗೆ ತಿಳಿಯಲಿ ಎಂದು ಕೆಳಗೆ ಒಂದು ಬಾಣದ ಗುರುತು. ಬಾಣ ನೇರವಾಗಿ ಸಾಕುವಿನ ಕೋಣೆಯ ಬಾಗಿಲಿಗೆ. ಕಾಂಪೌಂಡರು ಓದಿ, ಇದೇನು ಸಲಹೆಯೋ ನಿಮಗೆ ಬಂದ ಆರ್ಡರೋ ಸಾಕಮ್ಮಾ, ಒಂದು ಮಗು ತಂದು ಸಾಕು ಅಂತ ಬರೆದ ಹಾಗಿದೆ ಎಂದು ನಕ್ಕ. ಸಾಕುವೂ ನಕ್ಕಳು.

ಒಂದು ಶನಿವಾರ ಬೆಳಿಗ್ಗೆ ಅವಳು ಬಾಗಿಲು ತೆರೆಯಲು ಬಂದರೆ ಬಾಣದ ತುದಿಗೆ ಸರಿಯಾಗಿ, ಬೆಂಚಿನ ಮೇಲೆ ಒಂದು ಮಗು.

ಚೊಕ್ಕವಾಗಿ ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಹೆಣ್ಣು. ಹುಟ್ಟಿ ಕೆಲವೇ ದಿನ ಆಗಿರಬೇಕು. ಎತ್ತಿಕೊಂಡಳು. ಅಷ್ಟು ವರ್ಷ ಎಷ್ಟೋ ಶಿಶುಗಳನ್ನು ತೂಕ ಮಾಡಿದ ಕೈ, ಹೊಸದೇನಲ್ಲ. ಆದರೆ ಆ ಮಕ್ಕಳೆಲ್ಲ ಯಾರದೋ ಆಗಿದ್ದವು, ತೂಕ ಆದ ಮೇಲೆ ಕೇಳಿ ಪಡೆಯಲು ಎರಡು ಕೈ ಚಾಚಿರುತ್ತಿದ್ದವು. ಇದನ್ನು ಕೇಳಲು ಯಾರೂ ಕೈ ಚಾಚಲಿಲ್ಲ. ಅದು ಅವಳ ಕಿರುಬೆರಳನ್ನು ಹಿಡಿದು ಬಿಡಲೇ ಇಲ್ಲ. ಇದನ್ನು ಯಾರಿಗೂ ಕೊಡುವುದಿಲ್ಲ ಎಂದು ಅವಳಿಗೆ ಅಲ್ಲೇ, ನಿಂತ ನಿಲುವಿನಲ್ಲೇ ಅನ್ನಿಸಿತು. ಇಪ್ಪತ್ತು ವರ್ಷಕ್ಕೂ ಮೇಲೆ ಬೇಡ ಬೇಡ ಎಂದವಳಿಗೆ ಬೇಕು ಎನ್ನಿಸಲು ಅಷ್ಟೇ ಹೊತ್ತು ಸಾಕಾಯಿತು, ನಾಚಿಕೆಯಿಲ್ಲದ ಮನಸ್ಸು.

ದೊಡ್ಡ ಡಾಕ್ಟರು ಬಂದವರೇ ತಲೆ ಮೇಲೆ ಕೈ ಹೊತ್ತರು. ಮಗು ಆರೋಗ್ಯವಾಗಿದೆ ಎನ್ನುವುದು ಅವರಿಗೆ ಸಮಾಧಾನ ತರಲಿಲ್ಲ, ಎಣಿಕೆ ಒಂದು ಏರಿತಲ್ಲ. ಈಗ ಹುಟ್ಟಿದ ಮಕ್ಕಳನ್ನೆಲ್ಲ ಮೊಬೈಲಿನ ಆಪ್‌ಗೆ ಸೇರಿಸಬೇಕು, ಅದೂ ಅವರೇ ತಂದ ಸುಧಾರಣೆ. ಕಾಂಪೌಂಡರು ಸೇರಿಸಲು ಹೋದರೆ ಆಪ್ ಮೊದಲು ತಾಯಿಯ ವಿವರ ಹಾಕಿ ಎಂದಿತು. ತಾಯಿ ಇಲ್ಲ ಎಂದು ಒತ್ತಿದರೆ ಮಗುವೂ ಇಲ್ಲ ಎಂದಿತು. ಅದನ್ನು ನೋಡಿ ದೊಡ್ಡ ಡಾಕ್ಟರ ಮುಖ ಅರಳಿತು. ಆಪಿನಲ್ಲಿ ಇಲ್ಲ ಎಂದ ಮೇಲೆ ಇಲ್ಲ ಎಂದೇ ಲೆಕ್ಕ ಎಂದರು. ಇಲ್ಲದ ಮಗು ಅಷ್ಟರಲ್ಲಿ ಕಿಟಕಿ ಗಾಜು ನಡುಗುವಂತೆ ಅಳುತ್ತಿತ್ತು.

ಪೊಲೀಸರಿಗೆ ತಿಳಿಸಿದ್ದಾಯಿತು. ಶಿಶುಗೃಹದವರು ಸೋಮವಾರ ಗಾಡಿ ಕಳಿಸುತ್ತೇವೆ, ಅಲ್ಲಿಯವರೆಗೆ ಯಾರಾದರೂ ಜವಾಬ್ದಾರಿಯವರು ನೋಡಿಕೊಳ್ಳಲಿ ಎಂದರು. ನಾನು ನೋಡಿಕೊಳ್ಳುತ್ತೇನೆ ಎಂದು ಸಾಕು ಎಲ್ಲರಿಗಿಂತ ಮುಂಚೆ ಹೇಳಿಬಿಟ್ಟಳು. ಆಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡೇ, ಸಾರ್, ಮುಂದೆಯೂ ನನಗೇ ಕೊಡಿಸಿ, ನೀವು ಶಿಫಾರಸು ಮಾಡಿದರೆ ಆಗುತ್ತೆ ಎಂದು ಕೇಳಿದಳು. ಅವಳು ಅವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ದೊಡ್ಡ ಡಾಕ್ಟರು ಸ್ಟೀಲ್ ಬಾಟಲಿಯಿಂದ ಒಂದು ಗುಟುಕು ಕುಡಿದರು. "ನೋಡಮ್ಮ, ನೀವು ನಮ್ಮ ಕೇಂದ್ರಕ್ಕೇ ಮಾದರಿ. ಒಂದೂ ಹೆರದೆ ಜನಕ್ಕೆ ಬುದ್ಧಿ ಹೇಳಿದೋರು. ಈಗ ನೀವೇ ಒಂದನ್ನ ಕಂಕುಳಲ್ಲಿ ಇಟ್ಕೊಂಡು ಮನೆಮನೆಗೆ ಹೋದ್ರೆ ಜನ ಏನಂತಾರೆ? ಭೂಮಿ ಬಗ್ಗೆ ಸ್ವಲ್ಪ ಯೋಚನೆ ಮಾಡಿ."

ಭೂಮಿಯ ಬಗ್ಗೆ ಯೋಚಿಸಿ ಯೋಚಿಸಿಯೇ ಕೂದಲು ನೆರೆದವಳು ಸುಮ್ಮನೆ ಮಗುವನ್ನು ಎತ್ತಿಕೊಂಡು ಮನೆಗೆ ನಡೆದಳು. ಶಿಶುಗೃಹದಲ್ಲಿ ಮಗು ಬೇಕೆಂದು ಕಾದಿರುವವರ ಸಾಲು ಉದ್ದ, ತನ್ನ ವಯಸ್ಸಿನವಳಿಗೆ ಪಾಳಿ ಬರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಸೋಮವಾರ ಗಾಡಿ ಬಂದರೆ ಮುಗಿಯಿತು.

ಗಂಡ ಬಾಗಿಲಲ್ಲೇ ನೋಡಿದ. ಯಾರದು ಎಂದು ಕೇಳಲಿಲ್ಲ. ಕೈ ತೊಳೆದುಕೊಂಡು ಬಂದ, ವಾಸನೆ ನೋಡಿಕೊಂಡು ಮತ್ತೊಮ್ಮೆ ಸೋಪು ಹಚ್ಚಿ ತೊಳೆದುಕೊಂಡ. ನೀರಿಗೆ ಅಷ್ಟು ತತ್ವಾರ ಇರುವ ಮನೆಯಲ್ಲಿ ಎರಡೆರಡು ಸಲ ಕೈ ತೊಳೆದರೂ ಸಾಕು ಬೈಯಲಿಲ್ಲ. ಅಂಗಡಿಗೆ ಹೋಗಿ ಹಾಲಿನ ಪುಡಿ ತಂದ. ಮೋಟರು ಬಿಚ್ಚಿಕೊಂಡು ಕೂರುವ ಜಾಗವನ್ನು ಗುಡಿಸಿ ಒರೆಸಿ ಹಾಸಿಗೆ ಹಾಸಿದ. ಮಗು ಮಾತ್ರ ಬಾಟಲಿಯನ್ನು ಬಾಯಿಗೆ ತಗುಲಿಸಿಕೊಳ್ಳದೆ ರಚ್ಚೆ ಹಿಡಿಯಿತು. ಚಮಚದಲ್ಲಿ ಕುಡಿಸಿದರೆ ಅರ್ಧ ಉಗುಳಿತು. ಗಂಡ ಹೆಂಡತಿ ಸರದಿಯ ಮೇಲೆ ಎತ್ತಿಕೊಂಡು ಅದೇ ಎರಡು ಕೋಣೆಯಲ್ಲಿ ಓಡಾಡಿದರು. ಯಾವಾಗಲೂ ಬಾಯಿಗೆ ಬೀಗ ಹಾಕಿಕೊಂಡಿರುವ ಮನುಷ್ಯ ಏನೋ ಗುನುಗುತ್ತಿದ್ದುದನ್ನು ಸಾಕು ಅಡುಗೆಮನೆಯಿಂದ ಕೇಳಿಸಿಕೊಂಡಳು.

ಭಾನುವಾರ ಮಧ್ಯಾಹ್ನ ಗಂಡ ಇನ್ನೊಂದು ಡಬ್ಬಿ ಹಾಲಿನ ಪುಡಿ ತರಲು ಹೋಗಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಇಸ್ತ್ರಿಯವಳು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಮಗು ಸರಿಯಾಗಿ ಹಾಲು ಕುಡೀತಾ ಅಕ್ಕಾ ಎಂದು ಕೇಳಿದಳು.

ಸಾಕುವಿಗೆ ಆಗ ಎಲ್ಲವೂ ಅರ್ಥವಾಯಿತು, ಇಲ್ಲ, ಅರ್ಧ ಮಾತ್ರ ಅರ್ಥವಾಯಿತು. ಕೋಪ ನೆತ್ತಿಗೇರಿತು. ಹೆತ್ತ ಕೂಸನ್ನು ಬೆಂಚಿನ ಮೇಲೆ ಬಿಸಾಡಿ ಹೋಗುವಷ್ಟು ಕಷ್ಟ ಏನು ಬಂದಿತ್ತು, ನಾಲ್ಕನೆಯದು ಸಾಕೋಕೆ ಆಗದಿದ್ದರೆ ಹೆತ್ತಿದ್ದು ಯಾಕೆ, ನಾನು ವರ್ಷವರ್ಷ ಬಂದು ಬಾಯಿ ಬಡಿದುಕೊಂಡಿದ್ದೆಲ್ಲ ನೀರಲ್ಲಿ ಹೋಮವೇ ಎಂದು ಒಂದೇ ಉಸಿರಿಗೆ ಕೇಳಿದಳು.

ಇಸ್ತ್ರಿಯವಳು ಕಕ್ಕಾಬಿಕ್ಕಿಯಾದಳು. "ಬಿಸಾಡಿಲ್ಲ ಅಕ್ಕಾ. ನಿಮಗೆ ಕೊಟ್ಟಿದ್ದು. ನೀವೇ ಕೇಳ್ತಿದ್ರಲ್ಲ."

"ನಾನೇನು ಕೇಳಿದೆ?"

"ಒಂದು ಮಗು ಸಾಕು, ಒಂದು ಮಗು ಸಾಕು ಅಂತ. ಬಂದಾಗೆಲ್ಲ ಅದೇ ಕೇಳ್ತಿದ್ರಿ. ನನಗೆ ಹೊಟ್ಟೆ ಚುರ್ ಅನ್ನೋದು. ಮಕ್ಕಳಿಲ್ಲ ಪಾಪ, ಜಾಸ್ತಿ ಏನೂ ಕೇಳ್ತಿಲ್ಲ, ಒಂದು ಸಾಕು ಅಂತಿದಾರೆ ಅಂತ. ನಾವು ಮೂರಕ್ಕೇ ನಿಲ್ಲಿಸಿದ್ವಿ. ಇದು ನಿಮಗೋಸ್ಕರ ಹೆತ್ತಿದ್ದು."

ಸಾಕು ಅವಳನ್ನು ಒಳಗೆ ಕರೆದು ಕೂರಿಸಿದಳು.

ಇಸ್ತ್ರಿಯವಳು ಸಂಕೋಚದಿಂದಲೇ ಉಳಿದದ್ದನ್ನೂ ಹೇಳಿದಳು. ತವರಿನಿಂದ ಬಂದ ದಿನ ಗಂಡ ಗೋಡೆಯ ಮೇಲಿನ ಕೆಂಪಕ್ಷರ ಓದಿ ಹೇಳಿದನಂತೆ. ಅಷ್ಟು ದೊಡ್ಡದಾಗಿ ಬರೆಸಿ ಬಾಣ ಹಾಕಿ ಕೇಳುತ್ತಿದ್ದಾರಲ್ಲ, ಇನ್ನು ತಡ ಮಾಡಬಾರದು ಎಂದುಕೊಂಡಳಂತೆ. ಕೈಯಾರೆ ಕೊಟ್ಟರೆ ಅಳು ಬಂದು ಮನಸ್ಸು ಬದಲಾಗುತ್ತದೆ ಎಂದು ಬೆಂಚಿನ ಮೇಲಿಟ್ಟು, ಸಾಕು ಬಂದು ಎತ್ತಿಕೊಳ್ಳುವವರೆಗೂ ಮರದ ಹಿಂದೆ ನಿಂತಿದ್ದಳಂತೆ.

ಭೂಮಿಯ ಭಾರ ಇಳಿಸಲು ಹೊರಟವಳ ಇಷ್ಟು ವರ್ಷದ ದುಡಿಮೆಗೆ ಫಲ ಸಿಕ್ಕಿತ್ತು ನೋಡಿ. ಹುಟ್ಟಬೇಕಾಗಿಲ್ಲದ ಒಂದು ಮಗು ಹುಟ್ಟಿತ್ತು, ಅದೂ ಅವಳ ಬಾಯಿ ಮಾತಿನಿಂದ. ನಗಬೇಕೋ ಅಳಬೇಕೋ ತಿಳಿಯದೆ ಸಾಕು ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಸ್ತ್ರಿಯವಳಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಕೊಟ್ಟಿದ್ದೀನಿ ಎಂದು ಆಕೆ ಎಲ್ಲರೆದುರು ಹೇಳಿದರೆ ಗಾಡಿ ಬಂದರೂ ಬರಿಗೈಯಲ್ಲಿ ಹೋಗಬಹುದು, ಯಾವ ದೊಡ್ಡ ಡಾಕ್ಟರ ಶಿಫಾರಸೂ ಬೇಡ.

"ಮನಸಾರೆ ಕೊಟ್ಯಾ?" ಎಂದು ಕೇಳಿದಳು.

"ಮನಸಾರೆ ಕೊಟ್ಟೆ ಅಕ್ಕಾ. ಎದೆಗೆ ಗೊತ್ತಾಗ್ತಿಲ್ಲ, ಅಷ್ಟೆ."

ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಒಳಗೆ ಮಗು ಮತ್ತೆ ಅಳಲು ಶುರು ಮಾಡಿತು. ಸಾಕು ಹೋಗಿ ಎತ್ತಿಕೊಂಡು ಬಂದಳು, ಒಂದು ಗಳಿಗೆ ತನ್ನ ಎದೆಗೆ ಒತ್ತಿ ಹಿಡಿದುಕೊಂಡಳು, ಆಮೇಲೆ ತಾಯಿಯ ತೊಡೆಯ ಮೇಲೆ ಮಲಗಿಸಿದಳು. ನಿನ್ನೆಯಿಂದ ನಿಲ್ಲದ ಅಳು ಕ್ಷಣದಲ್ಲಿ ನಿಂತಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಹೊಟ್ಟೆ ತುಂಬಿ ಮಗು ನಿದ್ದೆಗೆ ಜಾರಿದ ಮೇಲೆ ಸಾಕು, ಕರ್ಕೊಂಡು ಹೋಗು, ನಾಳೆ ಬೆಳಿಗ್ಗೆ ಕೇಂದ್ರಕ್ಕೆ ಬಂದು ನನ್ನದೇ ಅಂತ ಹೇಳು, ನಾನು ಜೊತೆಗಿರ್ತೀನಿ ಎಂದಳು.

ಇಸ್ತ್ರಿಯವಳಿಗೆ ಸಿಟ್ಟೇ ಬಂತು. ಕೊಟ್ಟ ಉಡುಗೊರೆ ವಾಪಸು ಬಂದರೆ ಯಾರಿಗೆ ಬೇಜಾರಾಗುವುದಿಲ್ಲ? ಅಷ್ಟು ವರ್ಷ ಕೇಳಿ ಕೇಳಿ ಈಗ ಬೇಡ ಅಂತೀರಾ ಎಂದು ಮುಖ ಗಂಟಿಕ್ಕಿದಳು. ನೀವು ಕೇಳಿದ್ದು ಸುಳ್ಳಾ ಎಂದಳು.

ಸಾಕು ಸುಳ್ಳು ಹೇಳಲು ಬಾಯಿ ತೆರೆದಳು. ಬರಲಿಲ್ಲ. "ಸುಳ್ಳಲ್ಲ ಕಣೇ. ಕೇಳ್ತಿದ್ದೆ ಅಂತ ನನಗೇ ಗೊತ್ತಿರ್ಲಿಲ್ಲ."

ಗಂಡ ಹಾಲಿನ ಪುಡಿಯ ಡಬ್ಬಿ ಹಿಡಿದು ಬಂದಾಗ ಮನೆ ನಿಶ್ಶಬ್ದವಾಗಿತ್ತು. ಒರೆಸಿ ಹಾಸಿದ ಹಾಸಿಗೆ ಖಾಲಿ ಇತ್ತು. ಸಾಕು ಗೋಡೆಗೊರಗಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅವನು ಡಬ್ಬಿಯನ್ನು ಮುಚ್ಚಳ ತೆಗೆಯದೆ ಹಾಗೇ ಶೆಲ್ಫಿನ ಮೇಲಿಟ್ಟ.

"ನನಗೂ ಬೇಕಿತ್ತು," ಎಂದ.

ಸಾಕು ತಲೆ ಎತ್ತಿದಳು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮತ್ತೆ?"

"ನೀನು ಬೀದಿಯಲ್ಲಿ ಎಲ್ಲರ ಮನೆಗೂ ಹೋಗಿ ಕೇಳಿದೆ," ಎಂದ ಗಂಡ, ಅವಳ ಪಕ್ಕದಲ್ಲಿ ಬಂದು ಕೂರುತ್ತ. "ನನ್ನನ್ನ ಒಂದು ಮಾತು ಕೇಳಲಿಲ್ಲ ಕಣೇ ನೀನು."